ಗೋಪುರದ ಮೇಲೆ ಇನ್ನೊಬ್ಬರಿಗೆ ಜಾಗ

ಡಿಟ್ಸುಮ್,
೨೩ ನವೆಂಬರ್ ೧೯೫೪, ಮಂಗಳವಾರ

ಪ್ರೀತಿಯ ಫೋಲ್ಕರ್ಟ್,

ನಿನ್ನ ಕಾಗದ ಶನಿವಾರ ಕೈಸೇರಿತು. ಪೋಸ್ಟಿನವನು ಅದನ್ನು ಕೊಡುವ ಮೊದಲು ಹಿಂದೆ ಮುಂದೆ ತಿರುಗಿಸಿ ನೋಡಿ, "ಈ ವಾರ ಇದು ಎರಡನೇದು ಗೇಷೆ, ಎಮ್ಡನ್‌ನಲ್ಲಿ ಕಾಗದ ಪುಕ್ಕಟೆ ಹಂಚ್ತಿದಾರಾ?" ಅಂತ ಕಿಚಾಯಿಸಿದ. ನೀನು ಇನ್ನೂ ನನ್ನನ್ನು ಕೇಳುತ್ತಿದ್ದೀಯ ಅಷ್ಟೇ. ಊರು ಆಗಲೇ ನಮ್ಮಿಬ್ಬರ ಮದುವೆ ಮಾಡಿ ಮುಗಿಸಿದೆ.

ಕಾಗದದಲ್ಲಿ ಎರಡು ಮಾತು ಬರೆದಿದ್ದೀಯ. ನಾನು ನಿನ್ನನ್ನು ಮದುವೆಯಾಗುತ್ತೇನಾ ಅನ್ನುವುದು ಒಂದು. ನನ್ನ ಗಂಡ ಹಾರ್ಮ್ ಹೇಗೆ ಸತ್ತ ಅಂತ ನಲವತ್ತೇಳರಲ್ಲಿ ನಮ್ಮ ಅಡುಗೆಮನೆಯಲ್ಲಿ ಕೂತು ನೀನು ಹೇಳಿದ್ದು ನಿಜವಲ್ಲ, ಇಪ್ಪತ್ತೆಂಟರ ಭಾನುವಾರ ಬಂದು ನಿಜ ಹೇಳುತ್ತೇನೆ, ಅದನ್ನು ಕೇಳಿದ ಮೇಲೂ ಮನಸ್ಸಿದ್ದರೆ ಹೂಂ ಅನ್ನು ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಪುಟದಲ್ಲಿ ತುರುಕಿ, ಕೊನೆಗೆ ಹವಾಮಾನದ ಬಗ್ಗೆ ಎರಡು ಸಾಲು ಬೇರೆ. ಜಲಾಂತರ್ಗಾಮಿಯಲ್ಲಿ ಅಡುಗೆ ಮಾಡಿದವನ ಬುದ್ಧಿ ಎಲ್ಲಿಗೆ ಹೋಗುತ್ತದೆ, ಸಿಕ್ಕಿದ್ದನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಕುದಿಸುವುದೇ.

ಮೂರು ದಿನ ಸಿಗಡಿ ಸುಲಿಯುವಾಗಲೂ ರೈಲಿನಲ್ಲೂ ಮನಸ್ಸಿನಲ್ಲೇ ನಿನಗೆ ಬೈದಿದ್ದೇನೆ. ಈಗ ಕೋಪ ಇಳಿದಿದೆ. ಭಾನುವಾರ ನೀನು ಬಾಯಿ ತೆರೆಯುವ ಮೊದಲು ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ. ನೀನು ಅಂದುಕೊಂಡಿರುವುದಕ್ಕಿಂತ ಅದು ಜಾಸ್ತಿ.

ನಿಮ್ಮ ಜಲಾಂತರ್ಗಾಮಿ ದೋಣಿಗೆ ಒಂದು ನಂಬರು ಇತ್ತು. ನಾನು ಯಾವತ್ತೂ ಅದನ್ನು ನಂಬರಿನಿಂದ ಕರೆದವಳಲ್ಲ. ಹ್ಯಾಂಬರ್ಗಿನಲ್ಲಿ ಅದನ್ನು ಕಟ್ಟಿ ನೀರಿಗಿಳಿಸಿದಾಗ ನಮ್ಮ ಕಡೆಯ ಊರುಗಳು ಸೇರಿ ಅದರ ನಾವಿಕರಿಗೆ ಬೇಕಾದ್ದು ಕಳಿಸಲು ಅದನ್ನು ದತ್ತು ತೆಗೆದುಕೊಂಡವಲ್ಲ, ಆಗ ನಾನು ಹೆಣೆದ ಕಾಲುಚೀಲದ ರಾಶಿ ನೋಡಿ ಅತ್ತೆ, "ಆ ದೋಣಿಲಿರೋರು ಮನುಷ್ಯರಾ ಶತಪದಿಗಳಾ?" ಅಂದಿದ್ದರು. ಆ ದತ್ತಿಗೆ ಕೃತಜ್ಞತೆಯಾಗಿ ನಿಮ್ಮ ಕ್ಯಾಪ್ಟನ್, ನಮ್ಮ ಕಡೆಯವರ ಚಹಾ ಹುಚ್ಚು ನೋಡಿ, ದೋಣಿಯ ಬೆನ್ನ ಮೇಲೆ ಎದ್ದ ಕಾವಲು ಗೋಪುರದ ಮೇಲೆ ಚಹಾ ಕೆಟಲಿನ ಚಿತ್ರ ಬರೆಸಿದ. ಬೇರೆ ದೋಣಿಗಳ ಮೇಲೆ ಕೊಂಬಿನ ಗೂಳಿ, ಹಲ್ಲುಕಿರಿಯುವ ಮೀನು. ನಮ್ಮದರ ಮೇಲೆ ಕೆಟಲು. ಅವತ್ತಿನಿಂದ ಅದು ನಮಗೆ ಕೆಟಲೇ. ಹಾರ್ಮ್‌ನನ್ನು ನದಿ ದಾಟಿಸುವ ದೋಣಿಯ ಎಂಜಿನ್ನಿನಿಂದ ಎಬ್ಬಿಸಿಕೊಂಡು ಹೋಗಿ ಕೆಟಲಿನ ಡೀಸೆಲ್ ಎಂಜಿನ್ನಿನ ಮುಂದೆ ನಿಲ್ಲಿಸಿದರು.

ಒಂದು ಚಳಿಗಾಲವೆಲ್ಲ ಬಾಲ್ಟಿಕ್ ಸಮುದ್ರದಲ್ಲಿ ಮುಳುಗುವುದು ಏಳುವುದು ಕಲಿತಿರಿ. ಆಮೇಲೆ ಅಟ್ಲಾಂಟಿಕ್. ಮೊದಲ ಯಾನದಲ್ಲಿ ಏನೂ ಸಿಗದೆ, ಎಂಜಿನ್ ಕೆಟ್ಟು, ಲೋರಿಯಾಂ ಬಂದರಿಗೆ ಕುಂಟುತ್ತಾ ಬಂದಿರಿ. ಆ ಎಂಜಿನ್ ಸರಿಮಾಡಿದ್ದಕ್ಕೆ ಹಾರ್ಮ್‌ಗೆ ರಜೆ ಸಿಕ್ಕಿತು. ಮನೆಗೆ ಬಂದವನು ಎರಡು ದಿನ ಸಮುದ್ರ ತಡೆಯುವ ಏರಿಯ ಮೇಲೆ ಕೂತು ಬರೀ ನೀರು ನೋಡಿದ. ಅಷ್ಟು ತಿಂಗಳು ಸಮುದ್ರದಲ್ಲಿದ್ದು ಬಂದು ಮತ್ತೆ ಇದನ್ನೇ ನೋಡುತ್ತೀಯಲ್ಲ ಅಂತ ಕೇಳಿದೆ. "ಎಂಜಿನ್ ಕೋಣೇಲಿ ಸಮುದ್ರ ಎಲ್ಲಿ ಕಾಣುತ್ತೆ ಕಣೇ? ಸಮುದ್ರ ನೋಡ್ಬೇಕಂದ್ರೆ ನಾನು ಡಿಟ್ಸುಮ್‌ಗೇ ಬರ್ಬೇಕು," ಅಂದ.

ಎರಡನೇ ಯಾನದಲ್ಲಿ ಮೂರು ಹಡಗು ಮುಳುಗಿಸಿ ಬಂದಿರಿ. ಗೋಪುರದ ಮೇಲೆ ಮೂರು ಪತಾಕೆ ಹಾರಿಸಿಕೊಂಡು ಬಂದರು ಸೇರಿದ್ದು, ವಾದ್ಯದವರು ಬಂದಿದ್ದು, ಎಲ್ಲ ಪತ್ರಿಕೆಯಲ್ಲಿ ಬಂತು. ಮತ್ತೆ ಹಾರ್ಮ್ ರಜೆಗೆ ಬಂದಾಗ ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಅಡುಗೆಮನೆಯಲ್ಲಿ ಸೇರಿದರು. ಆಗ ಚಹಾಪುಡಿ ರೇಷನ್ನಿನಲ್ಲಿ ಚಿಟಿಕೆಯಷ್ಟು. ಇದ್ದುದನ್ನೆಲ್ಲ ಅತ್ತೆ ಅವತ್ತು ಕೆಟಲಿಗೆ ಹಾಕಿದರು. ಆ ಮೂರರಲ್ಲಿ ಒಂದು ಹಡಗು ಚಹಾ ಹೊತ್ತುಕೊಂಡು ಬರುತ್ತಿತ್ತಂತೆ, ಪೆಟ್ಟಿಗೆ ಪೆಟ್ಟಿಗೆ ನೀರಿನ ಮೇಲೆ ತೇಲಿದವಂತೆ ಅಂತ ಹಾರ್ಮ್ ಹೇಳಿದ. "ಅಯ್ಯೋ ಪಾಪಿಗಳಾ, ಒಂದು ಪೆಟ್ಟಿಗೆನಾದ್ರೂ ಎತ್ಕೊಂಡು ಬರ್ಬಾರ್ದಿತ್ತಾ!" ಅಂತ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅತ್ತೆ ಮಾತ್ರ, "ಅದ್ರಲ್ಲಿ ಜನ ಎಷ್ಟಿದ್ರು?" ಅಂದರು.

ಹಾರ್ಮ್ ಚಮಚ ತೆಗೆದುಕೊಂಡು ಚಹಾ ಕಲಕತೊಡಗಿದ. ನಮ್ಮಲ್ಲಿ ಹುಟ್ಟಿದವರು ಯಾರಾದರೂ ಚಹಾ ಕಲಕುತ್ತಾರಾ? ಮೇಲೆ ಕೆನೆ, ನಡುವೆ ಕಹಿ, ಅಡಿಯಲ್ಲಿ ಕಲ್ಲುಸಕ್ಕರೆ, ಅದನ್ನು ಹಾಗೇ ಕುಡಿಯಬೇಕು. ಅವನು ಕಲಕುತ್ತಲೇ ಇದ್ದ. ಆ ಹಡಗಿನವರಿಗೂ ಎಲ್ಲೋ ಒಂದು ಅಡುಗೆಮನೆ ಇತ್ತು, ಅಲ್ಲೂ ಹೆಂಗಸರು ಕಾಯುತ್ತಾ ಕೂತಿದ್ದರು ಅಂತ ನನಗೆ ಹೊಳೆದದ್ದು ನಾನೂ ಹಾಗೆ ಕೂತ ಮೇಲೆ. ಇದನ್ನು ಬರೆಯದೆ ಬರೀ ನಮ್ಮ ದುಃಖ ಬರೆದರೆ ಈ ಕಾಗದ ಅರ್ಧ ಸುಳ್ಳಾಗುತ್ತದೆ.

ಮೂರನೇ ಯಾನದಲ್ಲಿ ನಿಮ್ಮ ತಲೆಯ ಮೇಲೆ ಬಾಂಬು ಸುರಿದು ದೋಣಿಯ ಪಕ್ಕೆಲುಬು ಬಾಗಿತು. ಹಾರ್ಮ್‌ಗೆ ರಜೆ ಸಿಗಲಿಲ್ಲ, ರಿಪೇರಿಗೆ ನಿಂತ. ನಾಲ್ಕನೇ ಯಾನಕ್ಕೆ ಹೊರಟಿದ್ದು ನಲವತ್ತಮೂರರ ಜುಲೈನಲ್ಲಿ. ಅದರ ಕಥೆಯನ್ನು ನೀನೇ ಹೇಳಿದ್ದೆ. ಶುಕ್ರವಾರ ಹೊರಡಬೇಕು ಅಂತ ಆಜ್ಞೆ. ನಾವಿಕರಿಗೆ ಶುಕ್ರವಾರ ಅಪಶಕುನ, ಅವತ್ತು ಸಮುದ್ರಕ್ಕಿಳಿಯುವ ಜಲಾಂತರ್ಗಾಮಿ ಉಂಟೇ? ನಿಮ್ಮ ಕ್ಯಾಪ್ಟನ್ ಗುರುವಾರ ಸಂಜೆಯೇ ಹಗ್ಗ ಬಿಚ್ಚಿಸಿ, ದೋಣಿಯನ್ನು ಬಂದರಿನ ಆಚೆ ದಡಕ್ಕೆ ಒಯ್ದು ಕಟ್ಟಿಸಿದ. ಗುರುವಾರವೇ ಪ್ರಸ್ಥಾನ ಆಯಿತು ಅಂತ ಲೆಕ್ಕ. ಬೆಳಗ್ಗೆ ಅಲ್ಲಿಂದ ಮುಂದೆ. "ಸಮುದ್ರಕ್ಕೆ ವಾರ ಎಣಿಸೋಕೆ ಬರಲ್ಲ ಅಂದ್ಕೊಂಡಿದ್ರಾ?" ಅಂತ ನಾನು ಕೇಳಿದ್ದಕ್ಕೆ ನೀನು, "ಬರುತ್ತೆ ಅನ್ನೋದೇ ಭಯ ಗೇಷೆ, ಅದಕ್ಕೇ ಅಷ್ಟೆಲ್ಲ ನಾಟಕ," ಅಂದೆ. ಆ ಕಥೆಯನ್ನು ನಂಬಿದೆ. ಅಂಥ ಪೆದ್ದುತನವನ್ನು ಯಾರೂ ಕಟ್ಟಿ ಹೇಳುವುದಿಲ್ಲ.

ಅದರ ಮುಂದಿನದನ್ನು ನಂಬುವುದು ಕಷ್ಟವಾಯಿತು.

ನಲವತ್ತೇಳರ ಬೇಸಿಗೆಯಲ್ಲಿ ನೀನು ಬಂದದ್ದು ನನಗೆ ನಿನ್ನೆಯ ಹಾಗಿದೆ. ಕೆನಡಾದ ಸೆರೆ ಶಿಬಿರದ ಕೋಟು, ಬ್ರೇಕಿಲ್ಲದ ಸೈಕಲ್ಲು, ಸೊಂಟಕ್ಕೆ ಹಗ್ಗ ಬಿಗಿದ ಪ್ಯಾಂಟು. ಇಡೀ ದೋಣಿಯಲ್ಲಿ ಉಳಿದವನು ನೀನೊಬ್ಬನೇ ಅಂತ ಅಷ್ಟರಲ್ಲಿ ನಮಗೆ ತಿಳಿದಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆಯೇ ನಿನ್ನ ತೋಳು ಹಿಡಿದು ಕೂರಿಸಿದರು. ನೀನು ಹೇಳಿದ್ದು ಇಷ್ಟು: "ಹಾರ್ಮ್ ಮೇಲಿದ್ದ ಅಮ್ಮಾ. ಗೋಪುರದ ಮೇಲೆ, ಬಿಸಿಲಲ್ಲಿ. ನಾನು ಮುಸುರೆ ಬಕೆಟ್ ಚೆಲ್ಲೋಕೆ ಅಂತ ಹತ್ತಿದ್ದೆ. ವಿಮಾನ ಸೂರ್ಯನ ಕಡೆಯಿಂದ ಬಂದು ಬಾಂಬು ಹಾಕ್ತು. ಅವನಿಗೆ ಏನೂ ಗೊತ್ತಾಗ್ಲಿಲ್ಲ. ನಗ್ತಾ ಇದ್ದ."

ನೀನು ಹೋದ ಮೇಲೆ ಅತ್ತೆ ಅವನ ಫೋಟೋವನ್ನು ಮಲಗುವ ಕೋಣೆಯಿಂದ ತಂದು ಅಡುಗೆಮನೆಯ ಕಿಟಕಿಯಲ್ಲಿಟ್ಟರು, ಬೆಳಕು ಬೀಳುವ ಕಡೆ. ಅದಕ್ಕೇ ನಾನು ಸುಮ್ಮನಾದೆ. ಇಲ್ಲದಿದ್ದರೆ ಅವತ್ತೇ ಕೇಳುತ್ತಿದ್ದೆ. ದೋಣಿ ನೀರಿನ ಮೇಲಿದ್ದರೆ ಡೀಸೆಲ್ ಓಡುತ್ತಿರುತ್ತದೆ. ಡೀಸೆಲ್ ಓಡುತ್ತಿದ್ದರೆ ಹಾರ್ಮ್ ಕೆಳಗೆ ಅದರ ಪಕ್ಕ ಇರುತ್ತಾನೆ. ಎಂಜಿನ್ನಿನವನ ಹೆಂಡತಿ ನಾನು, ನನಗೆ ಇಷ್ಟೂ ತಿಳಿಯುವುದಿಲ್ಲವೇ? ಆದರೂ ಮನಸ್ಸು ಕಳ್ಳದಾರಿ ಹುಡುಕಿತು. ಪಾಳಿ ಮುಗಿದಿತ್ತೇನೋ, ಗಾಳಿ ಕುಡಿಯಲು ಹತ್ತಿದ್ದನೇನೋ, ಒಂದೇ ಒಂದು ಸಲ ಸಮುದ್ರ ನೋಡೋಣ ಅನ್ನಿಸಿತ್ತೇನೋ. ಏಳು ವರ್ಷ ಹೀಗೇ ದೂಡಿದೆ. ಅಷ್ಟರಲ್ಲಿ ನೀನು ವರ್ಷಕ್ಕೊಮ್ಮೆ ಬರುವವನು ತಿಂಗಳಿಗೊಮ್ಮೆ ಬಂದೆ, ಆಮೇಲೆ ಪ್ರತಿ ಭಾನುವಾರ. ಹಂಚು ಸರಿಮಾಡಿದೆ, ಅತ್ತೆಯ ಸೂಪಿಗೆ ಉಪ್ಪು ಸಾಲದು ಅಂತ ಅವರ ಮುಖಕ್ಕೇ ಹೇಳಿದೆ. ಅವತ್ತಿನಿಂದ ಅವರು ನಿನ್ನನ್ನು "ನಿನ್ನ ಅಡುಗೆಯವನು" ಅನ್ನತೊಡಗಿದರು. ನನಗೆ ಭಾನುವಾರ ಬರುವುದೇ ನಿನಗಾಗಿ ಅನ್ನಿಸತೊಡಗಿತು. ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳಿದ್ದೇನೆ, ಇಟ್ಟುಕೋ.

ಇನ್ನು ಮೊನ್ನೆ ಭಾನುವಾರದ ಕೀಲ್‌ನ ವಿಷಯ. ನೀನು ಯಾವ ವರ್ಷವೂ ಅಲ್ಲಿಗೆ ಬಂದವನಲ್ಲ. ಸತ್ತವರನ್ನು ನೆನೆಯುವ ಭಾನುವಾರ ನಮ್ಮ ದೋಣಿಯ ಮನೆಯವರೆಲ್ಲ ಅಲ್ಲಿನ ಸ್ಮಾರಕದ ಹತ್ತಿರ ಸೇರುತ್ತೇವೆ, ಹೂಮಾಲೆ ಇಡುತ್ತೇವೆ, ಆಮೇಲೆ ಹೋಟೆಲಿನ ಹಿಂದಿನ ಕೋಣೆಯಲ್ಲಿ ಬೆಣ್ಣೆ ಕೇಕು ಮತ್ತು ಕಾಫಿ. ಅಡುಗೆಯವರು ತುಂಬ ನಾಚಿಕೆ ಸ್ವಭಾವದವರು, ಅದಕ್ಕೇ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೌದೆಂದು ನಾನೂ ತಲೆಯಾಡಿಸುತ್ತೇನೆ. ನೀನು ಯಾಕೆ ಬರುವುದಿಲ್ಲ ಅಂತ ಈ ಸಲ ಸರಿಯಾಗಿ ಗೊತ್ತಾಯಿತು.

ಈ ವರ್ಷ ಗಡಿಯಾಚೆ ಪೂರ್ವ ಭಾಗದ ಸ್ಯಾಕ್ಸನಿಯಿಂದ ಓಲರಿಷ್ ಅನ್ನುವ ಹೆಂಗಸು ಮೊದಲ ಬಾರಿಗೆ ಬಂದಿದ್ದರು. ಟಾರ್ಪೆಡೊ ಕೋಣೆಯಲ್ಲಿದ್ದ ಹುಡುಗನ ತಾಯಿ. ಗಡಿ ದಾಟಲು ಈಗ ಪರವಾನಗಿ ಸಿಕ್ಕಿತಂತೆ. ಕೋಟು ತೆಗೆಯದೆ ಬೆಂಚಿನ ತುದಿಯಲ್ಲಿ ಕೂತಿದ್ದರು. ಮಗನ ಬಗ್ಗೆ ಯಾರೋ ಕೇಳಿದ್ದಕ್ಕೆ ಮುಖವರಳಿಸಿ, "ನನ್ ಮಗ ಗೋಪುರದ ಮೇಲಿದ್ನಂತೆ. ಬಿಸಿಲಿತ್ತಂತೆ. ಅಡುಗೆಯವರು ಕಾಗದ ಬರ್ದಿದ್ರು. ನಗ್ತಾ ಇದ್ನಂತೆ," ಅಂದರು.

ಅದೇ ಮಾತು ಫೋಲ್ಕರ್ಟ್. ರೇಡಿಯೊದವನ ಹೆಂಡತಿ ಇಲ್ಜೆ ಹಿಂದಿನ ವರ್ಷ ಅದನ್ನೇ ಹೇಳಿದ್ದಳು. ಅದಕ್ಕೂ ಹಿಂದಿನ ವರ್ಷ ಅವಳಿ ತಮ್ಮಂದಿರಲ್ಲಿ ಒಬ್ಬನನ್ನು ಕಳೆದುಕೊಂಡ ಅಕ್ಕ ಹೇಳಿದ್ದಳು. ಕ್ಯಾಪ್ಟನ್ನನ ತಾಯಿ ಹೇಳಿದ್ದರು, ಅವರದೊಂದೇ ಪ್ರಾಯಶಃ ನಿಜ. ನಾವು ಎಲ್ಲರೂ ಹೇಳಿದ್ದೆವು. ಒಬ್ಬೊಬ್ಬರೇ ಹೇಳಿದಾಗ ಕಿವಿಗೆ ಬಿದ್ದು ಹೋಗಿತ್ತು. ಈಗ ಇಡೀ ಮೇಜಿನ ಸುತ್ತ ಅದು ಒಟ್ಟಿಗೆ ಬಂದು ಕೂತಿತು. ಇಲ್ಜೆಯ ಜೊತೆ ಅವಳ ಭಾವ ಬುಡ್ಡೆ ಬಂದಿದ್ದ, ಯಾವುದೋ ಬೇರೆ ಜಲಾಂತರ್ಗಾಮಿಯಲ್ಲಿ ಇದ್ದು ಬದುಕಿ ಬಂದವನು, ಒಳ್ಳೆಯವನೇ, ಆದರೆ ಬಾಯಿಗೆ ಬಾಗಿಲಿಲ್ಲ. "ಏನ್ರಿ ಇದು, ಅಲ್ಲಿ ಐದು ಜನ ನಿಂತ್ರೆ ಆರನೆಯವನಿಗೆ ಮೂಗು ಕೆರ್ಕೊಳ್ಳೋಕೂ ಜಾಗ ಇರಲ್ಲ, ನೀವು ನೋಡಿದ್ರೆ—" ಅಂತ ಶುರುಮಾಡಿದ.

ಮೇಜಿನ ಕೆಳಗೆ ಇಲ್ಜೆ ಅವನ ಕಾಲಿಗೆ ಒದ್ದದ್ದು ನನ್ನ ಕಾಲಿಗೂ ತಾಗಿತು. ಆಮೇಲೆ ಅವಳು ಓಲರಿಷ್ ಅವರ ತಟ್ಟೆಗೆ ಒಂದು ದೊಡ್ಡ ತುಂಡು ಕೇಕು ಹಾಕಿ, ನಗದೆ, ಅಳದೆ, ಬಸ್ಸಿನಲ್ಲಿ ಸೀಟು ತೋರಿಸುವವಳ ಹಾಗೆ ಹೇಳಿದಳು: "ಇವ್ರ ಮಾತು ಬಿಡಿ ಅಮ್ಮಾ. ಸ್ವಲ್ಪ ಒತ್ಕೊಂಡು ನಿಂತ್ರೆ ಗೋಪುರದ ಮೇಲೆ ಇನ್ನೊಬ್ರಿಗೆ ಜಾಗ ಆಗುತ್ತೆ."

ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿದೆ ಅಂತ ಆಗ ನನಗೆ ಅರ್ಥವಾಯಿತು. ಯಾವಾಗಿನಿಂದಲೋ ಗೊತ್ತಿದೆ. ತಮ್ಮವನು ಮೇಲಿರಲಿಲ್ಲ ಅಂತ ಒಬ್ಬೊಬ್ಬರಿಗೂ ಗೊತ್ತಿದ್ದು, ಪಕ್ಕದವಳಿಗಾಗಿ ಬಾಯಿ ಮುಚ್ಚಿಕೊಂಡಿದ್ದಾರೆ. ಓಲರಿಷ್ ಕೋಟು ತೆಗೆದು ಕೇಕು ತಿಂದರು. ನನ್ನ ಜೊತೆ ಬಂದಿದ್ದ ಅತ್ತೆಗೆ ಒಂದು ಕಿವಿ ಮಂದ, ಬುಡ್ಡೆ ಕೂತದ್ದು ಆ ಕಡೆ. ಅವರು ಏನೂ ಕೇಳಿಸಿಕೊಳ್ಳದೆ ಇನ್ನೊಂದು ತುಂಡು ಬೇಡಿ ಪಡೆದರು.

ಬರುವಾಗ ರೈಲಿನಲ್ಲಿ ನಾನು ಕಿಟಕಿ ಕಡೆ ತಿರುಗಿ ಕಣ್ಣೀರು ಹಾಕಿದೆ. ಅದು ನಿನ್ನ ಮೇಲಿನ ಸಿಟ್ಟಿಗೋ ಪ್ರೀತಿಗೋ ಹೇಳಲಾರೆ. ಒಬ್ಬ ಮನುಷ್ಯ ಸೆರೆಯಿಂದ ಬಂದು, ತನ್ನ ಮನೆಗೂ ಸರಿಯಾಗಿ ಹೋಗದೆ, ಬ್ರೇಕಿಲ್ಲದ ಸೈಕಲ್ಲಿನಲ್ಲಿ ಮನೆ ಮನೆಗೆ ತಿರುಗಿ, ಹೋಗಲಾಗದ ಕಡೆಗೆ ಕಾಗದ ಬರೆದು ಅಷ್ಟೂ ಹೆಂಗಸರಿಗೆ ಬಿಸಿಲು ಹಂಚಿದ್ದಾನೆ. ಅದು ಸುಳ್ಳೇ ಇರಬಹುದು. ಊರಲ್ಲಿ ತಿನ್ನಲು ಇನ್ನೇನೂ ಇರದಿದ್ದ ವರ್ಷ ಅದು, ನೀನು ಬಡಿಸಿದ್ದನ್ನು ನಾವು ತಿಂದು ಬದುಕಿದೆವು.

ಆದರೆ ಗಂಡನಾಗಿ ಬರುವವನು ನನಗೆ ಅದನ್ನೇ ಬಡಿಸುತ್ತಾ ಇರಬಾರದು. ನೀನು ಮನೆಯಲ್ಲಿ ಏನೇ ಒಳ್ಳೆಯ ಮಾತಾಡಿದರೂ, ಇದಕ್ಕೆ ಎಷ್ಟು ಸಕ್ಕರೆ ಹಾಕಿದ್ದಾನೋ ಅಂತ ನಾನು ಅನುಮಾನಿಸುತ್ತಾ ಕೂರಬೇಕಾಗುತ್ತದೆ. ಅಂಥ ಸಂಸಾರ ನನಗೆ ಬೇಡ. ಹಾರ್ಮ್ ಎಲ್ಲಿದ್ದ, ಎಷ್ಟು ಹೊತ್ತು ಬದುಕಿದ್ದ, ನೀನು ನೀರಿನಲ್ಲಿದ್ದುಕೊಂಡು ಏನು ನೋಡಿದೆ, ಏನು ಕೇಳಿದೆ, ಎಲ್ಲ ಹೇಳು. ನಾನು ಈಗಲೂ ಅವನನ್ನು ಪ್ರೀತಿಸುತ್ತೇನೆ, ಅದು ನಿನಗೂ ಗೊತ್ತು. ಅವನ ಸಾವನ್ನು ನೀನೊಬ್ಬನೇ ಹನ್ನೊಂದು ವರ್ಷ ಹೊತ್ತದ್ದು ಸಾಕು. ಅದು ನನ್ನದು ಕೂಡ.

ನೀನು ಯಾಕೆ ಹೆದರಿದ್ದೀಯ ಅಂತಲೂ ಯೋಚಿಸಿದ್ದೇನೆ. ಕೇಳಿದ ಮೇಲೂ ಮನಸ್ಸಿದ್ದರೆ ಅಂತ ಬರೆದಿದ್ದೀಯಲ್ಲ. ವಿಮಾನ ಬಂದಾಗ, ಕೆಳಗಿನವರು ಹೊರಬರುವ ಗೋಪುರದ ಮುಚ್ಚಳವನ್ನು ಯಾರೋ ಮೇಲಿನಿಂದ ಮುಚ್ಚಿರಬಹುದು. ಮುಚ್ಚಲೇಬೇಕು ಅಂತ ನಿಯಮವಿತ್ತೋ ಏನೋ. ಆ ಕೈ ನಿನ್ನದಾಗಿದ್ದರೆ ನಿನ್ನದೇ ಅಂತ ಹೇಳು, ಬೇರೆಯವರ ಕೈಗೆ ಕಟ್ಟಬೇಡ. ನಾನು ಹೂಂ ಅನ್ನುತ್ತೇನೆ ಅಂತ ಈಗ ಮಾತು ಕೊಡಲಾರೆ. ಕೇಳದೆ ಹೇಗೆ ಕೊಡಲಿ? ಇಷ್ಟು ಮಾತ್ರ ಕೊಡುತ್ತೇನೆ: ನೀನು ಮುಗಿಸುವ ತನಕ ನಾನು ಕುರ್ಚಿಯಿಂದ ಏಳುವುದಿಲ್ಲ.

ಒಂದು ಷರತ್ತಿದೆ. ಇದು ನಮ್ಮಿಬ್ಬರಲ್ಲೇ ಉಳಿಯಬೇಕು. ಭಾನುವಾರ ಚರ್ಚು ಮುಗಿಸಿ ಅತ್ತೆಯನ್ನು ಪೋಗುಮ್‌ನಲ್ಲಿರುವ ಅವರ ತಂಗಿಯ ಮನೆಗೆ ಕಳಿಸುತ್ತೇನೆ. ನೀನು ಮಧ್ಯಾಹ್ನ ಬಾ, ಮನೆಗಲ್ಲ, ಹಿಂದಿನ ಬಲೆ ಕೊಟ್ಟಿಗೆಗೆ. ಅಲ್ಲಿ ಒಲೆ ಹಚ್ಚಿಟ್ಟಿರುತ್ತೇನೆ. ಸಂಜೆ ಅವರು ಬಂದಾಗ ನೀನು ಎಂದಿನಂತೆ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯಬೇಕು, ಅವರು ಹಾರ್ಮ್‌ನ ಮಾತೆತ್ತಿದರೆ ಬಿಸಿಲಿನ ಮಾತೇ ಆಡಬೇಕು. ಎಪ್ಪತ್ತೈದಾಯಿತು ಅವರಿಗೆ. ಆ ಒಂದು ಬಿಸಿಲಿನಲ್ಲೇ ಅವರ ಜೀವ ನಿಂತಿದೆ. ನಿಜವನ್ನು ನನಗೆ ಹೇಳಿದಷ್ಟೇ ಚೆನ್ನಾಗಿ ಸುಳ್ಳನ್ನು ಅವರಿಗೆ ಹೇಳಲು ನಿನ್ನಿಂದಾಗದಿದ್ದರೆ ಭಾನುವಾರ ಬರಲೇಬೇಡ.

ಬೆಚ್ಚಗೆ ಹೊದ್ದುಕೊಂಡು ಬಾ. ನದಿಯ ಮೇಲೆ ಈಗಲೇ ಕೊರೆಯುವ ಗಾಳಿ.

ಭಾನುವಾರಕ್ಕೆ ಹೆದರಿಕೊಂಡೂ ಕಾದುಕೊಂಡೂ ಇರುವ
ಗೇಷೆ

ಮರೆತ ಮಾತು, ಬುಧವಾರ ಬೆಳಗ್ಗೆ: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅತ್ತೆ ಬಂದು ಎದುರಿಗೆ ಕೂತರು. ಭಾನುವಾರ ತಂಗಿಯನ್ನು ನೋಡಿ ಬನ್ನಿ ಅಂತ ರಾತ್ರಿ ಹೇಳಿದ್ದೆ, ಪೋಗುಮ್‌ಗೆ ಹೋಗುವುದಿಲ್ಲ ಅಂದರು. ಯಾಕೆ ಅಂದೆ. "ನಿನ್ನ ಅಡುಗೆಯವನು ಭಾನುವಾರ ನಿಜ ಹೇಳೋಕೆ ಬರ್ತಿದಾನೆ ಅಂತ ಕಾಣುತ್ತೆ. ಶನಿವಾರದಿಂದ ನಿನ್ನ ಮುಖ ನೋಡ್ತಿದೀನಲ್ಲ," ಅಂದರು. ನನ್ನ ಕೈಯ ಅಂಟೆಲ್ಲ ಮೇಜಿಗೆ ಬಿತ್ತು. "ಮೊದಲ್ನೇ ಸಲ ಸೈಕಲ್ಲಲ್ಲಿ ಬಂದನಲ್ಲ, ಆವತ್ತು ಮೂರು ಕಪ್ ಚಹಾ ಕುಡಿದ, ಒಂದ್ಸಲಾನೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಲಿಲ್ಲ. ಆವತ್ತೇ ಗೊತ್ತಾಯ್ತು. ನೀನು ನಂಬಿದೀಯ ಅಂತ ಸುಮ್ನಿದ್ದೆ ಕಣೇ, ಇನ್ನೂ ಚಿಕ್ಕವಳು, ನಂಬ್ಕೊಂಡಿರ್ಲಿ ಅಂತ." ನಿಮಗೆ ತಡೆದುಕೊಳ್ಳಲಾಗುವುದಿಲ್ಲ ಅಮ್ಮಾ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. "ಅವನು ಹುಟ್ಟುವಾಗ ನಾನಿದ್ದೆ. ಸಾಯುವಾಗ ಇರೋಕಾಗ್ಲಿಲ್ಲ. ಭಾನುವಾರ ಇರ್ತೀನಿ," ಅಂದರು. ಕೊಟ್ಟಿಗೆಗೆ ಹೋಗಬೇಡ ಫೋಲ್ಕರ್ಟ್. ನೇರ ಅಡುಗೆಮನೆಗೆ ಬಾ, ನಾವಿಬ್ಬರೂ ಇರುತ್ತೇವೆ.